ತೂಗುಗುಂಡಿನಿಂದ ಬೆಳಕಿನ ಗೆರೆಗೆ

ಕಟ್ಟಡ ಕಲೆಯ ಮೊದಲ ಪ್ರಶ್ನೆ ಎತ್ತರದ್ದಲ್ಲ, ಮಟ್ಟದ್ದು. ಅಡಿಪಾಯದಲ್ಲಿ ಕೂದಲೆಳೆಯಷ್ಟು ತಪ್ಪಿದ್ದು ಸೂರಿನ ಹೊತ್ತಿಗೆ ಅಂಗುಲವಾಗುತ್ತದೆ. ಈ ಪ್ರಶ್ನೆಗೆ ಮಾನವನು ಕಂಡುಕೊಂಡ ಉತ್ತರಗಳ ಪರಂಪರೆ ಬಹು ದೀರ್ಘವಾದುದು.

ಈಜಿಪ್ಟಿನ ದೇರ್ ಎಲ್ ಮದೀನಾದಲ್ಲಿ 1886ರಲ್ಲಿ ತೆರೆದ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಸಮಾಧಿಯಲ್ಲಿ ಅವನ ಉಪಕರಣಗಳೂ ದೊರೆತವು. ಅವುಗಳಲ್ಲೊಂದು, ಎರಡು ಕಾಲುಗಳನ್ನು ನೆತ್ತಿಯಲ್ಲಿ ಕೂಡಿಸಿ ನಡುವೆ ಅಡ್ಡಪಟ್ಟಿ ಜೋಡಿಸಿದ ಮರದ ಚೌಕಟ್ಟು. ನೆತ್ತಿಯಿಂದ ಇಳಿಬಿಟ್ಟ ಗುಂಡಿನ ದಾರ ಅಡ್ಡಪಟ್ಟಿಯ ಗುರುತಿನ ಮೇಲೆ ನಿಂತರೆ ನೆಲ ಮಟ್ಟವೆಂದರ್ಥ. ರೋಮಿನ ವಿಟ್ರೂವಿಯಸ್ ಇಪ್ಪತ್ತು ಅಡಿ ಉದ್ದದ ಮಟ್ಟಹಲಗೆಯೊಂದನ್ನು ವರ್ಣಿಸಿದ್ದಾನೆ. ಗಾಳಿಗೆ ಗುಂಡು ಅಲುಗಾಡಿದರೆ ಹಲಗೆಯ ಮೇಲಣ ತೋಡಿಗೆ ನೀರೆರೆದು ನೋಡಬೇಕೆಂಬುದು ಅವನ ಸೂಚನೆ. ನಮ್ಮ ಸೂರ್ಯಸಿದ್ಧಾಂತವೂ ಶಂಕು ನೆಡುವ ಶಿಲಾತಲವನ್ನು ನೀರಿನಿಂದ ಸಮಗೊಳಿಸಬೇಕೆನ್ನುತ್ತದೆ.

1661ರ ಸುಮಾರಿಗೆ ಫ್ರಾನ್ಸಿನ ಮೆಲ್ಕಿಸೆದೆಕ್ ತೆವೆನೊ ದ್ರವವನ್ನೂ ಒಂದು ಗುಳ್ಳೆಯನ್ನೂ ಗಾಜಿನ ನಳಿಗೆಯಲ್ಲಿ ಸೆರೆಹಿಡಿದನು. ಅದೇ ನಮ್ಮ ಮೇಸ್ತ್ರಿಗಳ ರಸಮಟ್ಟ. 1950ರಲ್ಲಿ ಜರ್ಮನಿಯ ಝೈಸ್ ಸಂಸ್ಥೆ, ಸಣ್ಣ ಓರೆಯನ್ನು ತಾನೇ ಸರಿಪಡಿಸಿಕೊಳ್ಳುವ ಮಟ್ಟದರ್ಶಕವನ್ನು ಹೊರತಂದಿತು. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದನು. ಇವೆರಡು ಎಣಿಕೆಗಳ ಸಂಗಮವೇ ಇಂದು ಗೋಡೆಯ ಮೇಲೆ ಕೆಂಪು ಅಥವಾ ಹಸಿರು ಗೆರೆ ಎಳೆಯುವ ಲೇಸರ್ ಮಟ್ಟ.

ಈ ಯಂತ್ರದ ಒಡಲಲ್ಲಿರುವುದೇನು? ಸಾಮಾನ್ಯವಾಗಿ ಒಂದು ಲೋಲಕ! ಬೆಳಕು ಸೂಸುವ ಭಾಗವೇ ಅದರಲ್ಲಿ ತೂಗುತ್ತಿರುತ್ತದೆ; ತೂಗಾಟವನ್ನು ಅಯಸ್ಕಾಂತ ತಣಿಸುತ್ತದೆ. ವಿಟ್ರೂವಿಯಸ್ ನೀರಿನಿಂದ ಪರಿಹರಿಸಿದ ತೊಡಕನ್ನು ಇಲ್ಲಿ ಅಯಸ್ಕಾಂತ ಪರಿಹರಿಸಿದೆ. ಓರೆಯು ನಾಲ್ಕು ಅಂಶಗಳಷ್ಟನ್ನು ಮೀರಿದರೆ ಅನೇಕ ಯಂತ್ರಗಳು ಬೆಳಕನ್ನು ಮಿನುಗಿಸಿ ಎಚ್ಚರಿಸುತ್ತವೆ.

ಆದರೆ ಬಿದ್ದು ಪೆಟ್ಟು ತಿಂದ ಯಂತ್ರ ತಪ್ಪು ಗೆರೆಯನ್ನೂ ಅಷ್ಟೇ ಉಜ್ವಲವಾಗಿ ಎಳೆಯುತ್ತದೆ. ಪರೀಕ್ಷೆ ಸುಲಭ. ಯಂತ್ರವನ್ನು ಒಂದು ಗೋಡೆಯ ಬಳಿಯಿಟ್ಟು ಅಲ್ಲಿಯೂ ಎದುರು ಗೋಡೆಯಲ್ಲಿಯೂ ಗೆರೆಯನ್ನು ಗುರುತಿಸಬೇಕು. ಬಳಿಕ ಅದನ್ನು ಎದುರು ಗೋಡೆಯ ಬಳಿಗೊಯ್ದು, ಅಲ್ಲಿಯ ಗುರುತಿಗೆ ಎತ್ತರ ಹೊಂದಿಸಿ, ಮೊದಲ ಗೋಡೆಗೆ ತಿರುಗಿಸಬೇಕು. ಹಳೆಯ ಗುರುತಿಗೂ ಹೊಸ ಗೆರೆಗೂ ಅಂತರವಿದ್ದರೆ, ಅದರ ಅರ್ಧವೇ ಯಂತ್ರದ ದೋಷ. ಬೆಳಕನ್ನು ನೇರವಾಗಿ ದಿಟ್ಟಿಸಲಾಗದೆಂಬ ಎಚ್ಚರವೂ ಅವಶ್ಯ.

ಗೋಡೆಯ ಹಲಗೆಗೆ, ಹಂಚಿನ ಸಾಲಿಗೆ ಈ ಗೆರೆ ಬಲು ಉಪಕಾರಿ. ಬಚ್ಚಲ ನೆಲಕ್ಕಾದರೋ ಮಟ್ಟವೇ ದೋಷ. ಅಲ್ಲಿ ನೀರು ಹರಿಯಲು ಇಳಿಜಾರು ಬೇಕು. ಯಂತ್ರ ಮಟ್ಟವನ್ನು ತೋರಿಸಬಲ್ಲುದು. ಎಲ್ಲಿ ಮಟ್ಟವಿರಬೇಕು, ಎಲ್ಲಿ ವಾಟವಿರಬೇಕು ಎಂಬ ವಿವೇಕ ಮೇಸ್ತ್ರಿಯದು. ಆ ವಿವೇಕವನ್ನು ಉಪಕರಣದೊಡನೆ ಕೊಳ್ಳಲಾಗದು, ಬಲ್ಲವರಿಂದ ಕಲಿಯಬೇಕು.