ಕೆಳದಿಯ ಗೆಲುವೂ ತುಳುನಾಡಿನ ಅರಸುಮನೆಗಳೂ

ನೇತ್ರಾವತಿಯ ದಂಡೆಯ ನಂದಾವರದಿಂದ ಹೊರಟು ಬಂಟವಾಳ, ಬೆಳ್ತಂಗಡಿ, ವೇಣೂರುಗಳನ್ನು ಹಾದು ಮೂಡಬಿದಿರೆಯನ್ನು ಸೇರುವ ದಾರಿ ಬಹಳ ದೂರದ್ದೇನಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಷ್ಟೇ ನೆಲವನ್ನು ನಾಲ್ಕು ಜೈನ ಅರಸುಮನೆಗಳು ಹಂಚಿಕೊಂಡಿದ್ದವು. ಬಂಗಾಡಿ ಮತ್ತು ನಂದಾವರ ಬಂಗರವು, ವೇಣೂರು ಅಜಿಲರದು, ಬೈಲಂಗಡಿ ಮೂಲರದು, ಉಳ್ಳಾಲ, ಪುತ್ತಿಗೆ, ಮೂಡಬಿದಿರೆಗಳು ಚೌಟರವು. ಇವರ ನಡುವೆ ನೆಂಟಸ್ತನವೂ ಇತ್ತು, ಹಗೆಯೂ ಇತ್ತು. ಅನೇಕ ವೇಳೆ ಎರಡೂ ಒಂದೇ ಮನೆಯಲ್ಲಿ ಕೂಡಿದ್ದವು. ವಿಜಯನಗರದ ಪ್ರಭುತ್ವವು ಸಡಿಲಗೊಂಡ ಮೇಲೆ ಇವರನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಅಂತಹ ಸಮಯದಲ್ಲಿ ಘಟ್ಟದ ಮೇಲಿನಿಂದ ಇಳಿದು ಬಂದವರು ಕೆಳದಿಯ ನಾಯಕರು.

ಕೆಳದಿಯ ಮನೆತನವು ವೀರಶೈವ ಮನೆತನ. ಮಲೆನಾಡಿನ ಒಂದು ಸಣ್ಣ ನಾಯಕತನವಾಗಿ ಹುಟ್ಟಿ, ವಿಜಯನಗರದ ಸೇವೆಯಲ್ಲಿ ಬೆಳೆದು, ಹಿರಿಯ ವೆಂಕಟಪ್ಪನಾಯಕನ ಕಾಲದಲ್ಲಿ (1586–1629) ಅದು ಸ್ವತಂತ್ರ ರಾಜ್ಯವೇ ಆಯಿತು. ಗೇರುಸೊಪ್ಪೆಯ ಮೆಣಸಿನ ನಾಡು ಅವನ ವಶವಾಯಿತು. ಕಾರ್ಕಳದ ಭೈರರಸರ ಬಲ ಕುಂದಿತು. ಉಳ್ಳಾಲದ ರಾಣಿ ಅಬ್ಬಕ್ಕನಿಗೂ ಬಂಗರಸನಿಗೂ ವೈರ ಬೆಳೆದಾಗ ಪೋರ್ತುಗೀಸರು ಬಂಗನ ಪಕ್ಷವನ್ನು ಹಿಡಿದರು, ವೆಂಕಟಪ್ಪನು ರಾಣಿಯ ಪಕ್ಷವನ್ನು ಹಿಡಿದನು. ಸೋತ ಬಂಗನು ಕಾಸರಗೋಡಿನ ಕಡೆಗೆ ಹೋಗಿ ತಲೆ ಮರೆಸಿಕೊಳ್ಳಬೇಕಾಯಿತು.

ಗೆಲುವಿನ ಕಥೆ ಇಲ್ಲಿಗೆ ಮುಗಿಯುತ್ತದೆ. ಕಾವ್ಯಗಳೂ ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತವೆ. ಆದರೆ ನಾಯಕರ ನಿಜವಾದ ತೊಡಕು ಪ್ರಾರಂಭವಾದದ್ದು ಇಲ್ಲಿಂದ. ಮಲೆನಾಡಿನಲ್ಲಿ ಅವರು ಆಳಿದ್ದು ತಮ್ಮ ಭಾಷೆಯ, ತಮ್ಮ ರೂಢಿಯ ಜನರನ್ನು. ಘಟ್ಟದ ಕೆಳಗೆ ಜನರ ಮಾತು ತುಳು. ಆಸ್ತಿ ಮತ್ತು ಪಟ್ಟ ಮಗನಿಗೆ ಹೋಗದೆ ಅಳಿಯನಿಗೆ ಹೋಗುವ ಅಳಿಯಕಟ್ಟು ಅಲ್ಲಿಯ ಪದ್ಧತಿ. ಅರಸರು ಜಿನಭಕ್ತರು, ಊರೂರಿಗೆ ದೈವದ ಸ್ಥಾನಗಳು, ಬಂದರುಗಳಲ್ಲಿ ಮುಸಲ್ಮಾನ ವರ್ತಕರು, ಕ್ರೈಸ್ತರು, ಕೊಂಕಣಿಗರು. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ಪ್ರಭುವು ಇಂತಹ ನಾಡನ್ನು ಯಾವ ಹಕ್ಕಿನಿಂದ, ಯಾವ ಬಗೆಯಿಂದ ಆಳಬೇಕು?

1623ರ ಕೊನೆಯಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಪೋರ್ತುಗೀಸ್ ರಾಯಭಾರಿಯ ಜೊತೆಯಲ್ಲಿ ಇಕ್ಕೇರಿಗೆ ಬಂದನು. ಬಂಗನ ನಾಡನ್ನು ಅವನಿಗೆ ಹಿಂದಕ್ಕೆ ಕೊಡಿಸುವುದು ರಾಯಭಾರದ ಉದ್ದೇಶಗಳಲ್ಲಿ ಒಂದು. ವೆಂಕಟಪ್ಪನು ಲಿಂಗವಂತನೆಂಬುದನ್ನು ಈ ಪ್ರವಾಸಿಯು ಗಮನಿಸಿ ಬರೆದಿದ್ದಾನೆ. ಮುಂದೆ ಕರಾವಳಿಗೆ ಇಳಿದು ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡನು. ಆಕೆ ಬರಿಗಾಲಿನಲ್ಲಿ ನಡೆದು, ಗದ್ದೆಗೆ ನೀರು ತರುವ ಕಾಲುವೆಯ ಕೆಲಸವನ್ನು ನೋಡಲು ಹೊರಟಿದ್ದಳು. ಅಡುಗೆಮನೆಯ ಹೆಂಗಸಿನಂತೆ ತೋರಿದ ಆಕೆಯ ಮಾತಿನಲ್ಲಿ ಮಾತ್ರ ರಾಣಿತನವಿತ್ತೆಂದು ಅವನ ಅಭಿಪ್ರಾಯ. ವಿದೇಶಿಯ ಕಣ್ಣಿಗೆ ಇದು ಬಡತನವಾಗಿ ಕಂಡಿತು. ಗದ್ದೆಯ ನೀರನ್ನು ತಾನೇ ನೋಡಿಕೊಳ್ಳುವ ಅರಸೊತ್ತಿಗೆ ಎಂಬುದು ಅವನಿಗೆ ಹೊಳೆಯಲಿಲ್ಲ. ಇಂತಹ ಮನೆಗಳನ್ನು ಕಿತ್ತುಹಾಕಿದರೆ ಕಾಲುವೆಯನ್ನು ನೋಡುವವರು ಯಾರು ಎಂಬ ಪ್ರಶ್ನೆ ಇಕ್ಕೇರಿಯ ಅರಮನೆಗೆ ಹೊಳೆದಿರಲೇಬೇಕು. ಏಕೆಂದರೆ ನಾಯಕರು ಅವನ್ನು ಕೀಳಲಿಲ್ಲ. ಬಂಗರು, ಚೌಟರು, ಅಜಿಲರು ಕಪ್ಪವನ್ನು ಒಪ್ಪಿಸುವ ಸಾಮಂತರಾಗಿ ತಂತಮ್ಮ ಸ್ಥಾನಗಳಲ್ಲಿ ಉಳಿದರು. ಅವರ ಅಳಿಯಕಟ್ಟೂ ಉಳಿಯಿತು.

ಈ ವಿಷಯದಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡುವುದು ನ್ಯಾಯವಲ್ಲ. ವೆಂಕಟಪ್ಪನಾಯಕನು ಬಾರಕೂರಿನ ಸುತ್ತಿನ ಜೈನರನ್ನು ಬಹುಮಟ್ಟಿಗೆ ನಿರ್ಮೂಲ ಮಾಡಿದನೆಂಬ ಹೇಳಿಕೆಯನ್ನು ಸ್ಟರಕ್ ತನ್ನ ದಕ್ಷಿಣ ಕನ್ನಡದ ಕೈಪಿಡಿಯಲ್ಲಿ (1894) ಎತ್ತಿಕೊಂಡಿದ್ದಾನೆ. ಬಾರಕೂರಿನ ಪಾಳುಬಿದ್ದ ಬಸದಿಗಳನ್ನು ಕಂಡವರು ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ಯುದ್ಧವು ಹಾದುಹೋದ ಊರುಗಳಲ್ಲಿ ಹಾನಿಯಾಗದೆ ಇರುವುದಿಲ್ಲ. ಆದರೆ ದಕ್ಷಿಣದ ಸಾಕ್ಷ್ಯ ಬೇರೆಯಾಗಿದೆ. 1430ರಲ್ಲಿ ಆರಂಭವಾದ ಮೂಡಬಿದಿರೆಯ ಸಾವಿರ ಕಂಬದ ಬಸದಿಯು ಇಂದಿಗೂ ಪೂಜೆಗೊಳ್ಳುತ್ತಿದೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಳಾದಿ ಗ್ರಂಥಗಳ ತಾಳೆಗರಿಗಳು ಕೆಳದಿಯ ಕಾಲವನ್ನು ಕ್ಷೇಮವಾಗಿ ದಾಟಿ ಬಂದವು. ವೇಣೂರಿನ ಗೊಮ್ಮಟನನ್ನು ಅಜಿಲ ತಿಮ್ಮರಾಜನು ನಿಲ್ಲಿಸಿದ್ದು 1604ರಲ್ಲಿ, ಅಂದರೆ ವೆಂಕಟಪ್ಪನು ಆಳುತ್ತಿದ್ದಾಗಲೇ. ಸುಮಾರು ಮೂವತ್ತೈದು ಅಡಿಯ ಆ ಬಯಲ ಮೂರ್ತಿಗೆ ಕೋಟೆಯ ರಕ್ಷಣೆಯೇನೂ ಇರಲಿಲ್ಲ. ಒಡೆಯಬೇಕೆಂದಿದ್ದವರಿಗೆ ಅಡ್ಡಿಯೂ ಇರಲಿಲ್ಲ.

ನಾಯಕರ ಬಿರುದುಗಳನ್ನು ಓದಿದರೆ ಅವರು ತಮ್ಮ ಹೊಸ ಸ್ಥಾನವನ್ನು ಹೇಗೆ ಅರಿತಿದ್ದರೆಂಬುದು ತಿಳಿಯುತ್ತದೆ. ಒಂದು ಬಿರುದು ‘ಶಿವಗುರುಭಕ್ತಿಪರಾಯಣ’. ಅದರ ಪಕ್ಕದಲ್ಲಿಯೇ ‘ವಿಶುದ್ಧವೈದಿಕಾದ್ವೈತಸಿದ್ಧಾಂತಪ್ರತಿಷ್ಠಾಪಕ’ ಎಂಬುದು ಇನ್ನೊಂದು. ಜಂಗಮಮಠಗಳಿಗೆ ದತ್ತಿ ಬಿಟ್ಟವರೇ ಶೃಂಗೇರಿಯ ಮಠಕ್ಕೂ ಕೊಲ್ಲೂರಿನ ಮೂಕಾಂಬಿಕೆಗೂ ಬಿಟ್ಟಿದ್ದಾರೆ. ಶರಣರ ವಚನಗಳನ್ನು ಬಲ್ಲವರಿಗೆ ಈ ಎರಡನೆಯ ಬಿರುದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಕಲ್ಯಾಣದ ಶರಣರು ಹೀಗೆ ಬರೆಸಿಕೊಳ್ಳುತ್ತಿರಲಿಲ್ಲ. ಆದರೆ ಅವರಿಗೆ ರಾಜ್ಯವನ್ನು ಆಳುವ ಹೊರೆಯೂ ಇರಲಿಲ್ಲ. ಬಸವಣ್ಣನವರು ಭಂಡಾರಿಯಾಗಿದ್ದದ್ದು ಮತ್ತೊಬ್ಬ ಅರಸನ ಬಳಿಯಲ್ಲಿ. ನಾಯಕರು ತಮ್ಮ ಭಕ್ತಿಯನ್ನು ಮನೆಯಲ್ಲಿ ಇರಿಸಿಕೊಂಡು ಪ್ರಭುತ್ವವನ್ನು ಎಲ್ಲರ ನಡುವೆ ಹಂಚಿದರೆಂದು ಹೇಳುವುದು ಸರಿಯಾದೀತು. ಸುಮಾರು ಒಂದೂವರೆ ಶತಮಾನದ ವೀರಶೈವ ಆಳ್ವಿಕೆಯ ಅನಂತರವೂ ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ವೀರಶೈವರ ಮನೆಗಳು ವಿರಳವಾಗಿರುವುದೇ ಇದಕ್ಕೆ ಸಾಕ್ಷಿ.

ಧರ್ಮದಲ್ಲಿ ತೋರಿದ ಈ ಸಂಯಮವು ತೆರಿಗೆಯಲ್ಲಿ ಕಾಣುವುದಿಲ್ಲ. ಗೆದ್ದ ನಾಡನ್ನು ಉಳಿಸಿಕೊಳ್ಳಲು ಸೈನ್ಯ ಬೇಕು, ಕೋಟೆ ಬೇಕು, ಅವಕ್ಕೆ ಹಣ ಬೇಕು. 1799ರಲ್ಲಿ ಕೆನರಾದ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹಳೆಯ ಲೆಕ್ಕಪತ್ರಗಳನ್ನು ಶೋಧಿಸಿ 1800ರಲ್ಲಿ ಬರೆದ ವರದಿಯ ಪ್ರಕಾರ, ಸುಮಾರು 1618ರಲ್ಲಿ ಇಕ್ಕೇರಿಯ ಪ್ರಭುಗಳು ಮಂಗಳೂರು ಹೋಬಳಿಯೊಂದನ್ನು ಬಿಟ್ಟು ಹಳೆಯ ಭೂಕಂದಾಯದ ಮೇಲೆ ಶೇಕಡ 50ರಷ್ಟನ್ನು ಹೆಚ್ಚಿಸಿದರು. ಅರಸುಮನೆಗಳು ಉಳಿದವು, ಬಸದಿಗಳು ಉಳಿದವು. ಹೊರೆ ಹೋಗಿ ಬಿದ್ದದ್ದು ಗದ್ದೆಯ ಮೇಲೆ. ಯಾವ ಬಿರುದಿನಲ್ಲಿಯೂ ಇದರ ಉಲ್ಲೇಖವಿಲ್ಲ.

ಹೆಚ್ಚಿಸುವುದಕ್ಕೂ ಒಂದು ಅಳತೆ ಬೇಕೆಂಬುದನ್ನು ಕಂಡುಕೊಂಡವನು ಶಿವಪ್ಪನಾಯಕ (1645–1660). ಬಿಜಾಪುರದ ಸೈನ್ಯವು ಇಕ್ಕೇರಿಯ ಮೇಲೆ ಬಿದ್ದ ಅನಂತರ ರಾಜಧಾನಿಯು ಘಟ್ಟದ ಅಂಚಿನ ಬಿದನೂರಿಗೆ ಬಂದಿತ್ತು. 1652–54ರ ನಡುವೆ ಶಿವಪ್ಪನು ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಪೋರ್ತುಗೀಸರನ್ನು ಹೊರಡಿಸಿದನು. ಬೇಕಲದ ಕೋಟೆಯೂ ಅವನ ಕಾಲದ್ದೆಂದು ಪ್ರಸಿದ್ಧಿ. ಗೆಲುವು ಇನ್ನಷ್ಟು ಹಿಗ್ಗಿತು, ಅದರೊಡನೆ ಖರ್ಚೂ ಹಿಗ್ಗಿತು. ಆಗ ಅವನು ಮಾಡಿದ ಏರ್ಪಾಡನ್ನು ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ವಿವರಿಸಿದ್ದಾನೆ. ಪ್ರತಿ ಗ್ರಾಮದಲ್ಲಿ ಪ್ರತಿಯೊಂದು ಬಗೆಯ ನೆಲದ ಒಂದು ಹೊಲವನ್ನು ಹನ್ನೆರಡು ವರ್ಷ ಸರಕಾರದ ಲೆಕ್ಕದಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಇಷ್ಟನ್ನೂ ಬರೆಸಿ, ಸರಾಸರಿ ತೆಗೆದು, ಅದರ ಮೂರನೆಯ ಒಂದು ಪಾಲನ್ನು ಸರಕಾರದ ಹಕ್ಕೆಂದು ನಿಗದಿ ಮಾಡಲಾಯಿತಂತೆ. ಇದೇ ‘ಶಿವಪ್ಪನಾಯಕನ ಶಿಸ್ತು’. ಇಂದು ಶಾಲೆಯ ಮಕ್ಕಳಿಗೆ ಶಿಸ್ತೆಂದರೆ ಸಾಲಿನಲ್ಲಿ ನೆಟ್ಟಗೆ ನಿಲ್ಲುವುದು. ಅಂದಿನ ರೈತನಿಗೆ ಅದು ಪಟೇಲನೂ ಮೀರಲಾಗದ ಒಂದು ಅಂಕೆ. ಮಾಡಿದ ಗೆಲುವಿಗಿಂತ ಮಾಡಿದ ಲೆಕ್ಕವು ಒಬ್ಬ ಅರಸನ ಹೆಸರನ್ನು ನಾಡಿನ ಬಾಯಲ್ಲಿ ಇಷ್ಟು ಕಾಲ ನಿಲ್ಲಿಸಿದ ಉದಾಹರಣೆ ನಮ್ಮ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಶಿವಪ್ಪನ ಅನಂತರ ಮನೆಯೊಳಗಿನ ಕಲಹವೇ ದೊಡ್ಡದಾಯಿತು. ಸೋಮಶೇಖರನಾಯಕನ ಕೊಲೆಯ ಬಳಿಕ ಪಟ್ಟಕ್ಕೆ ಬಂದ ಚೆನ್ನಮ್ಮಾಜಿಯು ಅದನ್ನು ಇಪ್ಪತ್ತೈದು ವರ್ಷ ಕಾಪಾಡಿದಳು. 1678ರಲ್ಲಿ ಆಕೆ ಪೋರ್ತುಗೀಸರೊಡನೆ ಒಪ್ಪಂದ ಮಾಡಿಕೊಂಡು ಮಂಗಳೂರಿನಲ್ಲಿ ಅವರ ವ್ಯಾಪಾರಕೋಠಿಗೂ ಚರ್ಚುಗಳಿಗೂ ಅವಕಾಶವಿತ್ತಳು. ಹೊರಗೆ ಹಾಕಿದವರನ್ನೇ ಮತ್ತೆ ಒಳಗೆ ಬಿಡಲು ಕಾರಣ ಅಕ್ಕಿ. ಕರಾವಳಿಯ ಅಕ್ಕಿಯು ಗೋವೆಗೂ ಮಸ್ಕತ್ತಿಗೂ ಹೋಗುತ್ತಿತ್ತು. ಕೊಳ್ಳುವವರಿಲ್ಲದೆ ಬಂದರನ್ನು ಗೆದ್ದು ಫಲವೇನು? ಆಕೆಯ ದತ್ತುಪುತ್ರ ಬಸಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವನ್ನು ರಚಿಸಿದನು. ಶಿವನ ಹೆಸರಿನ ಗ್ರಂಥವಾದರೂ ಅದರಲ್ಲಿ ರಾಜನೀತಿಯೂ ಮನೆತನದ ಚರಿತ್ರೆಯೂ ಸೇರಿವೆ.

ಅಕ್ಕಿಯಿಂದ ತುಂಬಿದ ಬಿದನೂರಿನ ಬೊಕ್ಕಸದ ಸುದ್ದಿ ಮೈಸೂರಿಗೂ ಮುಟ್ಟಿತ್ತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು, ಊರಿಗೆ ಹೈದರನಗರವೆಂದು ಹೆಸರಿಟ್ಟನು. ವೀರಮ್ಮಾಜಿಯೊಡನೆ ನಾಯಕರ ಆಳ್ವಿಕೆ ಕೊನೆಗೊಂಡಿತು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂಟವಾಳದಿಂದ ಬೆಳ್ತಂಗಡಿಗೂ ಅಲ್ಲಿಂದ ವೇಣೂರು, ಮೂಡಬಿದಿರೆಗಳಿಗೂ ಪ್ರಯಾಣ ಮಾಡಿದಾಗ ಕೆಳದಿಯ ರಾಜ್ಯ ಬರಿಯ ನೆನಪಾಗಿತ್ತು; ವೇಣೂರಿನ ಗೊಮ್ಮಟನೂ ಮೂಡಬಿದಿರೆಯ ಬಸದಿಗಳೂ ಎದುರಿಗೆ ಇದ್ದವು. ನವನಾರೀಕುಂಜರವನ್ನು ಕೆತ್ತಿದ ಮರದ ಕಂಬಗಳ ಚೌಟರ ಅರಮನೆ ಮೂಡಬಿದಿರೆಯಲ್ಲಿ ಈಗಲೂ ಇದೆ. ವೆಂಕಟಪ್ಪನು ಓಡಿಸಿದ ಬಂಗರ ಮನೆತನದ ಲಕ್ಷ್ಮಪ್ಪ ಬಂಗರಸನು 1837ರಲ್ಲಿ ಕಂಪನಿಯ ಕಂದಾಯದ ವಿರುದ್ಧ ಎದ್ದ ರೈತರೊಡನೆ ಬಂಟವಾಳದ ದಾರಿಯಾಗಿ ಮಂಗಳೂರಿಗೆ ನಡೆದು, ಅದೇ ವರ್ಷ ಅಲ್ಲಿ ಗಲ್ಲಿಗೇರಿದನು.