ಎರಡನೇ ಸುತ್ತಿನಲ್ಲಿ ಸೋತವರು

ಎರಡು ಸಂಖ್ಯೆ ಹೇಳ್ತೀನಿ, ನೆನಪಿಟ್ಟುಕೊಳ್ಳಿ. 24 ಲಕ್ಷದ 62 ಸಾವಿರ. 22 ಲಕ್ಷದ 15 ಸಾವಿರ.

ಮೊದಲನೆಯದು 2020ರ ನವೆಂಬರ್ 3ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಸೆನೆಟರ್ ಡೇವಿಡ್ ಪರ್ಡ್ಯೂಗೆ ಬಿದ್ದ ಮತ. ಎರಡನೆಯದು ಒಂಬತ್ತು ವಾರದ ನಂತರ, 2021ರ ಜನವರಿ 5ರಂದು, ಅದೇ ರಾಜ್ಯದಲ್ಲಿ ಅದೇ ಮನುಷ್ಯನಿಗೆ ಬಿದ್ದ ಮತ. ನಡುವೆ ಸುಮಾರು ಎರಡೂವರೆ ಲಕ್ಷ ಮತ ಎಲ್ಲಿಗೆ ಹೋಯ್ತು? ಎದುರಾಳಿ ಕದ್ದನಾ? ಇಲ್ಲ. ಎದುರಾಳಿ ಜಾನ್ ಆಸಾಫ್‌ಗೂ ನವೆಂಬರ್‌ಗಿಂತ ಒಂದು ಲಕ್ಷದಷ್ಟು ಮತ ಕಡಿಮೆಯೇ ಬಿದ್ದಿತ್ತು. ಆದರೂ ಆಸಾಫ್ ಗೆದ್ದರು, ಸುಮಾರು 55 ಸಾವಿರ ಮತಗಳ ಅಂತರದಲ್ಲಿ. ಅಂದ್ರೆ ಇಲ್ಲಿ ಗೆದ್ದವನು ಹೆಚ್ಚು ಗಳಿಸಿ ಗೆದ್ದದ್ದಲ್ಲ, ಕಡಿಮೆ ಕಳೆದುಕೊಂಡು ಗೆದ್ದದ್ದು.

ಇಂಜಿನಿಯರಿಂಗ್ ಓದುವಾಗ ನಮಗೆ ಒಂದು ಮಾತು ಹೇಳಿಕೊಡ್ತಿದ್ರು. ಯಂತ್ರ ಕೆಟ್ಟಾಗ ಮೊದಲು ನೋಡಬೇಕಾದ್ದು ಎಲ್ಲಿ ಒಡೀತು ಅನ್ನೋದನ್ನಲ್ಲ, ಯಾವ ಭಾರ ಯಾವಾಗ ಬಿತ್ತು ಅನ್ನೋದನ್ನ. ಚುನಾವಣೆ ಸೋತ ಪಕ್ಷವೂ ಅದನ್ನೇ ನೋಡಬೇಕು. ಆದರೆ ಬಹುತೇಕ ಪಕ್ಷಗಳು ನೋಡೋದಿಲ್ಲ. ಬಯ್ಯುವುದಕ್ಕೆ ಯಾರಾದರೂ ಸಿಗ್ತಾರಾ ಅಂತ ಹುಡುಕುತ್ತವೆ, ಇಲ್ಲವಾದರೆ ನಿಯಮ ಬದಲಾಯಿಸೋಕೆ ಹೊರಡುತ್ತವೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಜಾರ್ಜಿಯಾದ ಅರವತ್ತು ವರ್ಷದ ಚುನಾವಣಾ ಇತಿಹಾಸ ಈ ಅಂಗಳ ತಿದ್ದುವವರ ಕಥೆ.

ನಮ್ಮಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದರೆ ಸಾಕು, ಶೇ.35 ಬಂದರೂ ಶಾಸಕ. ಜಾರ್ಜಿಯಾದಲ್ಲಿ ಹಾಗಲ್ಲ. ಅರ್ಧಕ್ಕಿಂತ ಹೆಚ್ಚು ಮತ ಬರಬೇಕು. ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಚುನಾವಣೆ, ಅದೇ ರನ್‌ಆಫ್. ಕೇಳೋಕೆ ಬಹಳ ನ್ಯಾಯವಾಗಿದೆ ಅಲ್ವಾ? ಹುಟ್ಟಿದ ಕಥೆ ಕೇಳಿ.

ಒಂದು ಕಾಲದಲ್ಲಿ ಈ ರಾಜ್ಯದಲ್ಲಿ ಕೌಂಟಿ ಯೂನಿಟ್ ಅನ್ನೋ ಪದ್ಧತಿ ಇತ್ತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಜನರ ಮತ ಎಣಿಸುತ್ತಿರಲಿಲ್ಲ, ಕೌಂಟಿಗಳ ಯೂನಿಟ್ ಎಣಿಸುತ್ತಿದ್ದರು. ದೊಡ್ಡ 8 ಕೌಂಟಿಗೆ ತಲಾ 6, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. 1960ರ ಜನಗಣತಿಯಲ್ಲಿ ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಯ ಜನಸಂಖ್ಯೆ ಐದೂವರೆ ಲಕ್ಷ, ಯೂನಿಟ್ 6. ಎಕೋಲ್ಸ್ ಕೌಂಟಿಯ ಜನಸಂಖ್ಯೆ 1,876, ಯೂನಿಟ್ 2. ಲೆಕ್ಕ ನೀವೇ ಹಾಕಿ. 1963ರಲ್ಲಿ ಗ್ರೇ ವರ್ಸಸ್ ಸ್ಯಾಂಡರ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತು. ಒಬ್ಬರಿಗೆ ಒಂದೇ ಮತ ಎಂಬ ತತ್ವ ಆ ತೀರ್ಪಿನಲ್ಲಿ ಗಟ್ಟಿಯಾಯಿತು.

ಈಗ ಬರ್ತಾರೆ ಡೆನ್ಮಾರ್ಕ್ ಗ್ರೂವರ್. ಮೇಕನ್ ಊರಿನ ಶಾಸಕ. 1958ರಲ್ಲಿ ಸೋತಿದ್ದರು. ಬಿಳಿಯರ ಮತ ಇವರಿಗೇ ಹೆಚ್ಚು ಬಿದ್ದಿತ್ತು, ಕಪ್ಪು ಜನರ ಮತ ಎದುರಾಳಿಗೆ ಹೋಗಿತ್ತು. ಸೋತ ಗ್ರೂವರ್ ಏನು ಕಲಿತರು? ಕಪ್ಪು ಮತದಾರರ ಮನೆಗೆ ಹೋಗಬೇಕು ಅಂತ ಕಲಿಯಲಿಲ್ಲ. ಮತ್ತೆ ಗೆದ್ದು ಬಂದ ಮೇಲೆ ಬಹುಮತ ಕಡ್ಡಾಯ ಮಾಡುವ ಮಸೂದೆ ತಂದರು, 1964ರಲ್ಲಿ ಅದು ಕಾನೂನಾಯಿತು. ಹಿಂದಿನ ಲೆಕ್ಕ ಸರಳ: ಬಿಳಿಯರ ಮತ ಮೂರು ನಾಲ್ಕು ಅಭ್ಯರ್ಥಿಗಳಿಗೆ ಹಂಚಿಹೋದರೂ ಎರಡನೇ ಸುತ್ತಿನಲ್ಲಿ ಒಂದಾಗುತ್ತದೆ, ಒಗ್ಗಟ್ಟಾದ ಕಪ್ಪು ಮತದಿಂದ ಯಾರೂ ಗೆಲ್ಲಲಾರರು. ಆಗ ತಾನು ವರ್ಣಭೇದವಾದಿಯಾಗಿದ್ದೆ ಎಂದು ಗ್ರೂವರ್ ಮುಂದೆ ತಾವೇ ಒಪ್ಪಿಕೊಂಡರು.

ಅಲ್ಲಿಂದ ಶುರುವಾಯ್ತು ನೋಡಿ ಅಂಗಳ ತಿದ್ದುವ ಆಟ.

1992ರಲ್ಲಿ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ವೈಚ್ ಫೌಲರ್ ನವೆಂಬರ್‌ನಲ್ಲಿ ಶೇ.49.2 ಮತ ಪಡೆದು ಮುಂದಿದ್ದರು. ರನ್‌ಆಫ್‌ನಲ್ಲಿ ಪಾಲ್ ಕವರ್‌ಡೆಲ್ ಎದುರು ಸುಮಾರು 16 ಸಾವಿರ ಮತದಿಂದ ಸೋತರು. ಅಧ್ಯಕ್ಷರಾಗಿ ಆಗಷ್ಟೇ ಆಯ್ಕೆಯಾಗಿದ್ದ ಬಿಲ್ ಕ್ಲಿಂಟನ್ ಬಂದು ಪ್ರಚಾರ ಮಾಡಿದರೂ ಉಪಯೋಗವಾಗಲಿಲ್ಲ. ರಾಜ್ಯದ ಶಾಸನಸಭೆ ಡೆಮಾಕ್ರಟರ ಕೈಯಲ್ಲಿತ್ತು. ಏನ್ ಮಾಡಿದ್ರು ಗೊತ್ತಾ? ಶೇ.50 ಇದ್ದದ್ದನ್ನು ಶೇ.45ಕ್ಕೆ ಇಳಿಸಿದರು. 1996ರಲ್ಲಿ ಅವರ ಮ್ಯಾಕ್ಸ್ ಕ್ಲೆಲ್ಯಾಂಡ್ ಶೇ.48.9 ಮತದಲ್ಲೇ ಸೆನೆಟರ್ ಆದರು. ಕೆಲಸ ಆಯ್ತು.

ಆದರೆ ನಿಯಮಕ್ಕೆ ಪಕ್ಷ ಇಲ್ಲ, ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಮಾತು ಕೇಳುತ್ತದೆ. ರಿಪಬ್ಲಿಕನ್ನರು ಅಧಿಕಾರಕ್ಕೆ ಬಂದ ಮೇಲೆ, 2005ರಲ್ಲಿ, ಮತ್ತೆ ಶೇ.50 ಮಾಡಿದರು. ಎರಡನೇ ಸುತ್ತು ನಮಗೇ ಲಾಭ ಅನ್ನೋ ಲೆಕ್ಕ. 2008ರಲ್ಲಿ ಆ ಲೆಕ್ಕ ನಿಜವೂ ಆಯಿತು. ಒಬಾಮಾ ಗೆದ್ದ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಿಮ್ ಮಾರ್ಟಿನ್‌ಗೆ ಹದಿನೇಳೂವರೆ ಲಕ್ಷ ಮತ ಬಿದ್ದಿತ್ತು. ಡಿಸೆಂಬರ್ 2ರ ರನ್‌ಆಫ್‌ನಲ್ಲಿ ಒಂಬತ್ತು ಲಕ್ಷ ಚಿಲ್ಲರೆ. ಹತ್ತಿರ ಹತ್ತಿರ ಅರ್ಧ! ರಿಪಬ್ಲಿಕನ್ ಸ್ಯಾಕ್ಸ್‌ಬಿ ಚಾಂಬ್ಲಿಸ್ ಶೇ.57 ಮತ ಪಡೆದು ಆರಾಮಾಗಿ ಗೆದ್ದರು.

ಮದುವೆಗೆ ಬಂದವರೆಲ್ಲ ಬೀಗರೂಟಕ್ಕೆ ಬರ್ತಾರಾ? ಬರಲ್ಲ. ಬರೋದು ಹತ್ತಿರದವರು ಮಾತ್ರ. ರನ್‌ಆಫ್ ಅಂದ್ರೆ ಅದೇ. ಹೊಸಬರನ್ನು ಒಪ್ಪಿಸುವುದಕ್ಕಿಂತ ಒಮ್ಮೆ ಬಂದವರನ್ನು ಮತ್ತೊಮ್ಮೆ ಮನೆಯಿಂದ ಎಬ್ಬಿಸಿ ಕರೆತರುವುದೇ ದೊಡ್ಡ ಕೆಲಸ.

ಈ ಪಾಠವನ್ನು ಡೆಮಾಕ್ರಟರು ತಡವಾಗಿ, ಪೆಟ್ಟು ತಿಂದೇ ಕಲಿತರು. 2017ರಲ್ಲಿ ಅಟ್ಲಾಂಟಾದ ಉತ್ತರ ಹೊರವಲಯದ ಆರನೇ ಜಿಲ್ಲೆಗೆ ಸಂಸತ್ ಉಪಚುನಾವಣೆ ನಡೆಯಿತು. ಅಲ್ಲೂ ಇದೇ ಜಾನ್ ಆಸಾಫ್ ಅಭ್ಯರ್ಥಿ. ದೇಶದ ಎಲ್ಲ ಮೂಲೆಯಿಂದ ಹಣ ಹರಿದು ಬಂತು. ಎರಡೂ ಕಡೆ ಸೇರಿ ಐದು ಕೋಟಿ ಡಾಲರ್ ದಾಟಿತು, ಪ್ರತಿನಿಧಿ ಸಭೆಯ ಚುನಾವಣೆಗೆ ಅಲ್ಲಿಯವರೆಗಿನ ದಾಖಲೆ. ಮೊದಲ ಸುತ್ತಿನಲ್ಲಿ ಆಸಾಫ್‌ಗೆ ಶೇ.48.1. ರನ್‌ಆಫ್‌ನಲ್ಲಿ ಶೇ.48.2. ಕೋಟಿ ಕೋಟಿ ಸುರಿದರೂ ಶೇಕಡಾವಾರು ಅಲುಗಾಡಲಿಲ್ಲ!

ಸೋತ ಮೇಲೆ ಅವರ ಕೈಯಲ್ಲಿ ಶಾಸನಸಭೆ ಇರಲಿಲ್ಲ. ನಿಯಮ ಬದಲಾಯಿಸೋಣ ಅಂದ್ರೂ ಆಗುತ್ತಿರಲಿಲ್ಲ. ಬಹುಶಃ ಅದೇ ಅವರ ಅದೃಷ್ಟ. ಉಳಿದದ್ದು ಒಂದೇ ದಾರಿ, ಮನೆ ಮನೆ ಬಾಗಿಲು. ಸ್ಟೇಸಿ ಏಬ್ರಮ್ಸ್ ಕಟ್ಟಿದ ನ್ಯೂ ಜಾರ್ಜಿಯಾ ಪ್ರಾಜೆಕ್ಟ್‌ನಂಥ ಸಂಘಟನೆಗಳು ಹೆಸರು ನೋಂದಾಯಿಸದ ಯುವಕರು, ಕಪ್ಪು ಜನ, ಏಷ್ಯಾ ಮೂಲದವರನ್ನು ವರ್ಷಗಟ್ಟಲೆ ಪಟ್ಟಿಗೆ ಸೇರಿಸುತ್ತಾ ಹೋದವು. ಆ ಸಂಘಟನೆಯ ಚರಿತ್ರೆಯೇನೂ ಶುಭ್ರವಲ್ಲ, 2018ರ ಪ್ರಚಾರದಲ್ಲಿ ನಿಯಮ ಮೀರಿದ್ದಕ್ಕೆ 2025ರಲ್ಲಿ ಮೂರು ಲಕ್ಷ ಡಾಲರ್ ದಂಡ ತೆತ್ತಿತು. ಏಬ್ರಮ್ಸ್ ಕೂಡ 2018ರಲ್ಲಿ ಗವರ್ನರ್ ಚುನಾವಣೆ ಸೋತು, ಆ ಚುನಾವಣೆ ನ್ಯಾಯವಾಗಿ ನಡೆಯಲಿಲ್ಲ ಎಂದು ದೂರಿದವರೇ. ಆದರೆ ಒಂದು ವ್ಯತ್ಯಾಸ ಗಮನಿಸಿ. ದೂರುತ್ತಲೇ ತಮ್ಮವರಿಗೆ ಹೇಳುತ್ತಿದ್ದದ್ದು "ಇನ್ನೂ ಹೆಚ್ಚು ಜನ ಬನ್ನಿ" ಅಂತ. ಆಸಾಫ್ ಸೋತ ಆರನೇ ಜಿಲ್ಲೆಯನ್ನು ಮರುವರ್ಷವೇ ಲೂಸಿ ಮೆಕ್‌ಬಾತ್ ಗೆದ್ದರು.

ಈಗ 2020ಕ್ಕೆ ಬರೋಣ.

ನವೆಂಬರ್‌ನಲ್ಲಿ ಪರ್ಡ್ಯೂಗೆ ಶೇ.49.7. ಶೇ.50 ದಾಟಲು ಕೊರತೆ ಸುಮಾರು 13,500 ಮತ. ಶೇ.45ರ ಹಳೇ ನಿಯಮ ಉಳಿದಿದ್ದರೆ ಅವರು ಆ ರಾತ್ರಿಯೇ ಗೆದ್ದಾಗಿತ್ತು. ಆ ನಿಯಮ ತೆಗೆದವರು ಯಾರು? ಅವರದೇ ಪಕ್ಷ. ತಾವೇ ತೋಡಿದ ಗುಂಡಿ ಅನ್ನೋದು ಇದಕ್ಕೇ.

ಇನ್ನೊಂದು ಸ್ಥಾನದ್ದೂ ರನ್‌ಆಫ್. ಗವರ್ನರ್ ಬ್ರಯಾನ್ ಕೆಂಪ್ ನೇಮಿಸಿದ್ದ ಕೆಲ್ಲಿ ಲೆಫ್ಲರ್ ಒಂದು ಕಡೆ, ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಎಬೆನೀಜರ್ ಚರ್ಚಿನ ಪಾದ್ರಿ ರಫೇಲ್ ವಾರ್ನಾಕ್ ಇನ್ನೊಂದು ಕಡೆ. ಎರಡರಲ್ಲಿ ಒಂದು ಗೆದ್ದರೂ ಸೆನೆಟ್ ರಿಪಬ್ಲಿಕನ್ನರದ್ದು. ಒಂದೇ ಒಂದು!

ಅವರ ಹತ್ತಿರ ಅದ್ಭುತವಾದ ಅಸ್ತ್ರವೂ ಇತ್ತು. ಆ ರಾಜ್ಯದಲ್ಲಿ ಬೈಡನ್‌ಗೆ ಬಿದ್ದ ಮತಕ್ಕಿಂತ ಆಸಾಫ್‌ಗೆ ಬಿದ್ದದ್ದು ಸುಮಾರು ಒಂದು ಲಕ್ಷ ಕಡಿಮೆ. ಅರ್ಥ ಏನು? ಟ್ರಂಪ್ ಬೇಡ, ಆದರೆ ಎಲ್ಲವನ್ನೂ ಡೆಮಾಕ್ರಟರ ಕೈಗೂ ಕೊಡಲ್ಲ ಅನ್ನುವ ಜನ ಇದ್ದರು. ಅವರ ಬಳಿ ಹೋಗಿ, "ಬೈಡನ್ ಗೆದ್ದಾಗಿದೆ, ಲಗಾಮು ನಮ್ಮ ಕೈಗೆ ಕೊಡಿ" ಅಂದಿದ್ದರೆ ಸಾಕಿತ್ತು. ಆದರೆ ಹಾಗನ್ನಬೇಕಾದರೆ ಮೊದಲು ಬೈಡನ್ ಗೆದ್ದಿದ್ದಾರೆ ಅಂತ ಒಪ್ಪಬೇಕಲ್ಲ! ಟ್ರಂಪ್ ಒಪ್ಪಿರಲಿಲ್ಲ. ಹಾಗಾಗಿ ಪಕ್ಷದ ಅತ್ಯುತ್ತಮ ವಾದ ಪಕ್ಷಕ್ಕೇ ನಿಷಿದ್ಧವಾಯಿತು.

ಬದಲಿಗೆ ನಡೆದದ್ದೇನು? ನವೆಂಬರ್ 9ರಂದು ಪರ್ಡ್ಯೂ ಮತ್ತು ಲೆಫ್ಲರ್ ಇಬ್ಬರೂ ಸೇರಿ ಚುನಾವಣಾ ಮುಖ್ಯಸ್ಥ ಬ್ರಾಡ್ ರಾಫೆನ್ಸ್‌ಪರ್ಗರ್ ರಾಜೀನಾಮೆ ಕೇಳಿದರು. ಅವರೂ ರಿಪಬ್ಲಿಕನ್ನೇ! ಮತ ಮರುಎಣಿಕೆಯಾಯಿತು, ಬೈಡನ್ 11,779 ಮತದಿಂದ ಗೆದ್ದದ್ದು ಉಳಿಯಿತು. ಡಿಸೆಂಬರ್ 2ರಂದು ಆಲ್ಫರೆಟ್ಟಾದಲ್ಲಿ ಒಂದು ಸಭೆ. ಅಟ್ಲಾಂಟಾದ ನಮ್ಮ ಕನ್ನಡಿಗ ಸಾಫ್ಟ್‌ವೇರ್‌ನವರಿಗೆ ಚೆನ್ನಾಗಿ ಗೊತ್ತಿರುವ ಊರು. ಅಲ್ಲಿ ಟ್ರಂಪ್ ಬೆಂಬಲಿಗ ವಕೀಲ ಲಿನ್ ವುಡ್ ನೇರವಾಗಿ ಕೇಳಿದರು: ಮೋಸದ ಚುನಾವಣೆಗೆ ಮತ್ತೆ ಯಾಕೆ ಹೋಗಿ ಮತ ಹಾಕ್ತೀರಿ? ಜನವರಿ 2ರಂದು ಟ್ರಂಪ್ ಸ್ವತಃ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ ಗೆಲ್ಲಲು ಬೇಕಾದಷ್ಟು ಮತ ಹುಡುಕಿಕೊಡಿ ಎಂದರು. ಮರುದಿನವೇ ಧ್ವನಿಮುದ್ರಿಕೆ ಹೊರಬಂತು. ಮತದಾನಕ್ಕೆ ಉಳಿದಿದ್ದದ್ದು ಎರಡು ದಿನ.

ಅಲ್ಲ ಸ್ವಾಮಿ, ಒಂದೇ ಬಾಯಲ್ಲಿ "ಇಲ್ಲಿ ಮತ ಎಣಿಸೋದೇ ಮೋಸ" ಅನ್ನೋದು, ಅದೇ ಬಾಯಲ್ಲಿ "ಬಂದು ಮತ ಹಾಕಿ" ಅನ್ನೋದು. ನಿಮ್ಮ ಮಾತನ್ನು ನಂಬುವವನು ಏನು ಮಾಡಬೇಕು? ನಂಬಿಗಸ್ತ ಬೆಂಬಲಿಗನೇ ಮನೆಯಲ್ಲಿ ಕೂರುತ್ತಾನೆ. ಕೂತ. ಅಟ್ಲಾಂಟಾ ಜರ್ನಲ್ ಕಾನ್‌ಸ್ಟಿಟ್ಯೂಷನ್ ಪತ್ರಿಕೆ ಆಮೇಲೆ ಲೆಕ್ಕ ತೆಗೆಯಿತು. ನವೆಂಬರ್‌ನಲ್ಲಿ ಬಂದಿದ್ದ ಏಳೂವರೆ ಲಕ್ಷ ಜನ ಜನವರಿಯಲ್ಲಿ ಬರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರು, ಹಲವರು ಹಳ್ಳಿಗಾಡಿನವರು, ಅಂದ್ರೆ ರಿಪಬ್ಲಿಕನ್ ಪಕ್ಷದ ಬುಡ. ಇತ್ತ ನವೆಂಬರ್‌ನಲ್ಲಿ ಬಾರದಿದ್ದ ಎರಡು ಲಕ್ಷಕ್ಕೂ ಹೆಚ್ಚು ಜನ ಹೊಸದಾಗಿ ಬಂದು ಮತ ಹಾಕಿದ್ದರು.

ವಾರ್ನಾಕ್ ಗೆದ್ದು ಜಾರ್ಜಿಯಾದ ಮೊದಲ ಕಪ್ಪು ಸೆನೆಟರ್ ಆದರು. ಆಸಾಫ್ 33ನೇ ವಯಸ್ಸಿಗೆ ಸೆನೆಟ್‌ಗೆ ಹೋದರು. ಸೆನೆಟ್ 50-50 ಆಯಿತು, ನಿರ್ಣಾಯಕ ಮತ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಕೈಗೆ ಬಂತು. 2022ರ ಆಗಸ್ಟ್‌ನಲ್ಲಿ ಹವಾಮಾನ ಮತ್ತು ಔಷಧ ಬೆಲೆಗೆ ಸಂಬಂಧಿಸಿದ ದೊಡ್ಡ ಕಾಯ್ದೆ 51-50ರಲ್ಲಿ ಪಾಸಾದದ್ದು ಆ ಒಂದು ಮತದಿಂದ. ಜಾರ್ಜಿಯಾದಲ್ಲಿ ಮನೆಯಲ್ಲಿ ಕೂತವರಿಗೆ ತಾವು ಏನು ಬಿಟ್ಟುಕೊಟ್ಟೆವು ಅಂತ ಗೊತ್ತಾದದ್ದು ಹೀಗೆ.

ಸರಿ, ಸೋತ ರಿಪಬ್ಲಿಕನ್ನರು ಏನು ಕಲಿತರು? ಮತ್ತೆ ಅಂಗಳ ತಿದ್ದಿದರು! 2021ರ ಮಾರ್ಚ್‌ನಲ್ಲಿ ಹೊಸ ಕಾನೂನು ಬಂತು. ಅದರಲ್ಲಿ ಅಂಚೆ ಮತದಾನಕ್ಕೆ ಹೊಸ ಷರತ್ತುಗಳು, ರನ್‌ಆಫ್‌ನ ಒಂಬತ್ತು ವಾರ ನಾಲ್ಕು ವಾರಕ್ಕೆ ಇಳಿಕೆ. 2022ರಲ್ಲಿ ವಾರ್ನಾಕ್ ಎದುರು ಫುಟ್‌ಬಾಲ್ ತಾರೆ ಹರ್ಷಲ್ ವಾಕರ್ ನಿಂತರು, ಟ್ರಂಪ್ ಆಯ್ಕೆ. ಮತ್ತೆ ರನ್‌ಆಫ್. ರಜೆಯ ಮರುದಿನದ ಶನಿವಾರ ಮತದಾನ ನಡೆಸುವಂತಿಲ್ಲ ಅಂದಾಗ ಡೆಮಾಕ್ರಟರು ಕೋರ್ಟಿಗೆ ಹೋಗಿ ಅವಕಾಶ ಪಡೆದರು. ಡಿಸೆಂಬರ್ 6ರಂದು ವಾರ್ನಾಕ್ ಗೆದ್ದರು. ನವೆಂಬರ್‌ನಲ್ಲಿ ಸುಮಾರು 38 ಸಾವಿರ ಇದ್ದ ಅಂತರ 99 ಸಾವಿರ ದಾಟಿತ್ತು.

ಆದರೆ ಆ ಪಕ್ಷದಲ್ಲೇ ಒಬ್ಬರು ಬೇರೆ ಪಾಠ ಕಲಿತಿದ್ದರು. ಗವರ್ನರ್ ಕೆಂಪ್. 2020ರ ಫಲಿತಾಂಶ ಮೋಸ ಅನ್ನಲಿಲ್ಲ, ಟ್ರಂಪ್ ಕೋಪಕ್ಕೆ ಗುರಿಯಾದರು. ಅವರನ್ನು ಸೋಲಿಸಲು 2022ರ ಪ್ರೈಮರಿಯಲ್ಲಿ ನಿಂತದ್ದು ಯಾರು? ಅದೇ ಡೇವಿಡ್ ಪರ್ಡ್ಯೂ! ಕೆಂಪ್‌ಗೆ ಸುಮಾರು ಶೇ.74, ಪರ್ಡ್ಯೂಗೆ 22. ನವೆಂಬರ್‌ನಲ್ಲಿ ಕೆಂಪ್ ಮೊದಲ ಸುತ್ತಿನಲ್ಲೇ ಏಬ್ರಮ್ಸ್ ವಿರುದ್ಧ ಗೆದ್ದರು, ಅದೇ ದಿನ ಅದೇ ಮತಪತ್ರದಲ್ಲಿ ವಾಕರ್‌ಗಿಂತ ಎರಡು ಲಕ್ಷ ಮತ ಹೆಚ್ಚು ಪಡೆದು. ಅಂಗಳ ಒಂದೇ, ಮತದಾರರೂ ಅವರೇ. ಒಬ್ಬ ಕುಣಿದ, ಒಬ್ಬ ಎಡವಿದ.

ಇದನ್ನು ನಮ್ಮ ದೇಶದಲ್ಲಿ ಕೂತು ಯಾಕೆ ಓದಬೇಕು ಅಂತೀರಾ? ನಮ್ಮಲ್ಲಿ ರನ್‌ಆಫ್ ಇಲ್ಲ, ನಿಜ. ಆದರೆ ಸೋಲು ಇದೆ, ಸೋತ ಮೇಲಿನ ಮಾತೂ ಇದೆ. 2009ರಲ್ಲಿ ಸೋತ ಬಿಜೆಪಿಯ ನಾಯಕರು ಮತಯಂತ್ರದ ಮೇಲೆ ಅನುಮಾನ ಪಟ್ಟರು. ಆಮೇಲಿನ ವರ್ಷಗಳಲ್ಲಿ ಸೋತ ಕಾಂಗ್ರೆಸ್‌ನವರು ಅದೇ ಯಂತ್ರದ ಮೇಲೆ ಅನುಮಾನ ಪಟ್ಟರು. ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲೂ ತಯಾರಾಗುವ ಯಂತ್ರ, ಗೆದ್ದಾಗ ಚೆನ್ನಾಗಿರುತ್ತೆ, ಸೋತಾಗ ಕೆಡುತ್ತೆ! ಪುರಾವೆ ಇದ್ದರೆ ಕೋರ್ಟಿಗೆ ಹೋಗಲಿ, ಪ್ರಶ್ನೆ ಕೇಳುವುದು ಹಕ್ಕು. ಆದರೆ ಪುರಾವೆ ಇಲ್ಲದೆ ಮತ ವ್ಯರ್ಥ ಅಂತ ಸಾರಿದರೆ, ಅದನ್ನು ಮೊದಲು ನಂಬುವುದು ಎದುರಾಳಿಯ ಮತದಾರನಲ್ಲ, ನಿಮ್ಮವನೇ.

ಸೋತ ಪಕ್ಷ ಮಾಡಬೇಕಾದ್ದು ಬಹಳ ಸಣ್ಣ ಕೆಲಸ. ಬೂತ್‌ವಾರು ಪಟ್ಟಿ ತೆಗೆದು ಕೂರಬೇಕು. ಕಳೆದ ಸಲ ಬಂದು ಈ ಸಲ ಬಾರದವನು ಯಾರು, ಯಾಕೆ ಬರಲಿಲ್ಲ, ಅಂತ ಅವನ ಮನೆಗೇ ಹೋಗಿ ಕೇಳಬೇಕು. ಅವನು ಬಯ್ಯುತ್ತಾನೆ. ಬಯ್ಯಲಿ ಬಿಡಿ. ಬಯ್ಯುವ ಮತದಾರ ಇನ್ನೂ ನಿಮ್ಮವನೇ, ಬಾಗಿಲೇ ತೆಗೆಯದವನು ಮಾತ್ರ ಕೈಬಿಟ್ಟು ಹೋದವನು.