ಕಡಲ ಮೇಲೆ ಕುಡಿಯುವ ನೀರು

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದು ನಮ್ಮಲ್ಲಿ ಗಾದೆಯಿದೆ. ಹಡಗು ಹತ್ತಿದವನ ಪಾಡು ಇದಕ್ಕಿಂತ ವಿಚಿತ್ರವಾದುದು. ಅವನಿಗೆ ಉಪ್ಪಿಗೆ ಬಡತನವಿಲ್ಲ, ನೀರಿಗೆ ಬಡತನ. ಕಣ್ಣು ಹಾಯುವವರೆಗೆ ನೀರೇ ನೀರಾಗಿದ್ದರೂ ಒಂದು ಬೊಗಸೆ ಗಂಟಲಿಗೆ ಇಳಿಯದು. ಈ ಮಾತು ಬಂದಾಗ ಇಂಗ್ಲಿಷ್ ಸಾಹಿತ್ಯವನ್ನು ಓದಿದವರು ಕೋಲರಿಜ್ ಕವಿಯ ಮುದಿ ನಾವಿಕನನ್ನು ನೆನೆಯುವುದು ವಾಡಿಕೆ. ಆ ಕವಿತೆ ಎಲ್ಲರಿಗೂ ಪರಿಚಿತವಾದುದರಿಂದ ಅದನ್ನು ಅದರ ಪಾಡಿಗೆ ಬಿಟ್ಟು, ಕಾವ್ಯದ ಕಣ್ಣಿಗೆ ಅಷ್ಟಾಗಿ ಬೀಳದೆ ಕಾಯಿದೆಗಳಲ್ಲಿಯೂ ಸರ್ಕಾರೀ ವರದಿಗಳಲ್ಲಿಯೂ ಹುದುಗಿಕೊಂಡಿರುವ ಇನ್ನೊಂದು ಬಾಯಾರಿಕೆಯ ಕಥೆಯನ್ನು ಹೇಳಬೇಕೆಂದಿದ್ದೇನೆ. ಇದು ಪ್ರಯಾಣಿಕರ ಬಾಯಾರಿಕೆ. ನಾವಿಕನಿಗೆ ಕಡಲು ಕಸುಬು. ಅದರ ಕಷ್ಟಸುಖಗಳನ್ನು ಬಲ್ಲವನು ಅವನು. ಪ್ರಯಾಣಿಕನಾದರೋ ಹಣ ತೆತ್ತು, ಇಲ್ಲವೆ ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ತನ್ನ ಪ್ರಾಣವನ್ನು ಪರರ ಕೈಗೆ ಒಪ್ಪಿಸಿ ಕುಳಿತವನು. ಅವನು ಕುಡಿಯುವ ನೀರನ್ನು ತುಂಬಿದವರು ಯಾರು, ಅಳೆದು ಕೊಟ್ಟವರು ಯಾರು ಎಂಬುದರಲ್ಲಿಯೇ ಈ ಚರಿತ್ರೆಯ ತಿರುಳೆಲ್ಲ ಅಡಗಿದೆ.

ಹಾಯಿಹಡಗುಗಳ ಕಾಲದಲ್ಲಿ ನೀರು ಹೋಗುತ್ತಿದ್ದುದು ಮರದ ಪೀಪಾಯಿಗಳಲ್ಲಿ. ಬಂದರಿನ ಬಳಿಯ ಹೊಳೆಯಿಂದಲೋ ಬಾವಿಯಿಂದಲೋ ತುಂಬಿಕೊಂಡ ನೀರು ಕೆಲವು ವಾರಗಳಲ್ಲಿ ಪಾಚಿಗಟ್ಟಿ ನಾರುತ್ತಿತ್ತು. ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆ ದಿನಕ್ಕೊಂದು ಗ್ಯಾಲನ್ ಬಿಯರ್ ಕೊಡುತ್ತಿದ್ದುದು ಕೇವಲ ಔದಾರ್ಯದಿಂದಲ್ಲ. ಬಿಯರು ಪೀಪಾಯಿಯಲ್ಲಿ ನೀರಿಗಿಂತ ಹೆಚ್ಚು ದಿನ ಕೆಡದೆ ನಿಲ್ಲುತ್ತಿತ್ತು. ಮರದ ಪೀಪಾಯಿಗಳ ಸ್ಥಾನದಲ್ಲಿ ಕಬ್ಬಿಣದ ತೊಟ್ಟಿಗಳು ಬಂದುದು 19ನೆಯ ಶತಮಾನದ ಮೊದಲ ದಶಕಗಳಲ್ಲಿ.

ಉಪ್ಪುನೀರನ್ನು ಕಾಯಿಸಿದರೆ ಮೇಲೇಳುವ ಆವಿ ಸಿಹಿಯಾದುದೆಂಬ ಸಂಗತಿ ಮನುಷ್ಯನಿಗೆ ಹೊಸದೇನೂ ಅಲ್ಲ. ಅರಿಸ್ಟಾಟಲ್ ಅದನ್ನು ಬರೆದಿಟ್ಟಿದ್ದಾನೆ. ನಾವಿಕರು ಕಡಲ ನೀರನ್ನು ಕುದಿಸಿ, ಪಾತ್ರೆಯ ಬಾಯಿಗೆ ಸ್ಪಂಜು ತೂಗಹಾಕಿ, ಅದು ಹೀರಿದ ಆವಿಯನ್ನು ಹಿಂಡಿ ಕುಡಿಯುವ ಉಪಾಯವನ್ನು 4ನೆಯ ಶತಮಾನದ ಕ್ರೈಸ್ತ ಗುರು ಸಂತ ಬೇಸಿಲ್ ವರ್ಣಿಸಿದ್ದಾನೆ. 1760ರ ದಶಕದಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಹಡಗಿನ ಅಡುಗೆಯ ಹಂಡೆಯಿಂದಲೇ ಇದನ್ನು ಸಾಧಿಸಬಹುದೆಂದು ತೋರಿಸಿದ. 1772ರಲ್ಲಿ ಚಾರ್ಲ್ಸ್ ಅರ್ವಿಂಗ್ ಎಂಬುವನ ಯಂತ್ರಕ್ಕೆ ಇಂಗ್ಲೆಂಡಿನ ಪಾರ್ಲಿಮೆಂಟು 5,000 ಪೌಂಡುಗಳ ಬಹುಮಾನವನ್ನೇ ಕೊಟ್ಟಿತು. ಅದೇ ವರ್ಷ ಎರಡನೆಯ ಮಹಾಯಾನಕ್ಕೆ ಹೊರಟ ಕ್ಯಾಪ್ಟನ್ ಕುಕ್ ಆ ಯಂತ್ರವನ್ನು ಒಯ್ದನು. ಒಳ್ಳೆಯದೇ, ಆದರೆ ಇದನ್ನೊಂದನ್ನೇ ನಂಬಿ ಹೊರಡಲಾಗದು ಎಂಬುದು ಅವನ ಅಭಿಪ್ರಾಯ. 1773ರ ಜನವರಿಯಲ್ಲಿ ದಕ್ಷಿಣದ ಹಿಮಸಾಗರದಲ್ಲಿ ತೇಲುವ ಹಿಮದ ಗಡ್ಡೆಗಳನ್ನು ಹಡಗಿಗೆ ಎತ್ತಿಸಿ ಕರಗಿಸಿದಾಗ ಸಿಕ್ಕ ಸಿಹಿನೀರು ಅವನಿಗೆ ಹೆಚ್ಚು ಸಂತೋಷ ಕೊಟ್ಟಿತು. ಭಟ್ಟಿಗೆ ಬೇಕಾದುದು ಉರುವಲು. ನೀರಿಗೆ ಜಾಗವಿಲ್ಲದ ಹಡಗಿನಲ್ಲಿ ಸೌದೆಗೆ ಜಾಗವೆಲ್ಲಿ? ಹೀಗಾಗಿ ವಿದ್ಯೆ ತಿಳಿದಿದ್ದರೂ ಪೀಪಾಯಿಯೇ ಉಳಿಯಿತು. ಪೀಪಾಯಿ ಉಳಿದುದರಿಂದ ಅಳತೆಯ ಪಾತ್ರೆಯೂ ಉಳಿಯಿತು.

ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತೇವೆ. ಅಳೆಯುವ ಪಾತ್ರೆಯೇ ಸುಳ್ಳು ಹೇಳಿದರೆ ಏನು ಗತಿ? 1847ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಘೋರ ಕ್ಷಾಮ. ಲಕ್ಷಾಂತರ ಜನ ಊರು ಬಿಟ್ಟು ಅಮೆರಿಕ, ಕೆನಡಗಳ ಕಡೆಗೆ ಹೊರಟರು. ಅವರು ಕೆಳ ಅಂತಸ್ತಿನಲ್ಲಿ ಹೇಗೆ ಪ್ರಯಾಣ ಮಾಡುತ್ತಾರೆಂಬುದನ್ನು ತಾನೇ ಅನುಭವಿಸಿ ನೋಡಬೇಕೆಂದು ಲಿಮರಿಕ್ ಪ್ರಾಂತದ ಜಮೀನುದಾರ ಸ್ಟೀಫನ್ ಡಿ ವೀರ್ ಎಂಬುವನು ಆ ವರ್ಷ ಬಡ ವಲಸೆಗಾರರ ಜೊತೆಯಲ್ಲಿಯೇ ಕ್ವಿಬೆಕ್ಕಿಗೆ ಹೋದನು. ಅವನು ಬರೆದ ಪತ್ರ ವಲಸೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ಕತ್ತಲೆ, ಕೊಳಕು, ಜ್ವರ, ಅರೆಬೆಂದ ಅನ್ನ ಎಲ್ಲವೂ ಉಂಟು. ನೀರು ಕುಡಿಯುವುದಕ್ಕೂ ಅಡುಗೆಗೂ ಸಾಲದೆ ಜನ ಮೈ ತೊಳೆಯುವುದನ್ನೇ ಮರೆತ ಮಾತೂ ಉಂಟು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಬೇರೆಯೇ ಒಂದು ಸಂಗತಿ. ಹಡಗಿನಲ್ಲಿ ನೀರು ಹಂಚುತ್ತಿದ್ದ ಗ್ಯಾಲನ್ ಅಳತೆಯ ಪಾತ್ರೆಯನ್ನು ಅವನು ಪರೀಕ್ಷಿಸಿದ. ಗ್ಯಾಲನ್ನಿಗೆ ನಾಲ್ಕು ಕ್ವಾರ್ಟು. ಆ ಪಾತ್ರೆಯಲ್ಲಿ ಹಿಡಿಯುತ್ತಿದ್ದುದು ಮೂರೇ. ಕ್ವಿಬೆಕ್ ತಲುಪಿದ ಮೇಲೆ ಅವನು ಅದನ್ನು ರುಜುವಾತು ಮಾಡಿ ಕ್ಯಾಪ್ಟನ್ನನಿಗೆ ದಂಡ ಹಾಕಿಸಿದನು. ಆ ಬೇಸಿಗೆಯಲ್ಲಿ ಸಮುದ್ರ ದಾಟಿದ ಬಡವರಲ್ಲಿ ಪಾತ್ರೆಯನ್ನು ಅಳೆದು ನೋಡುವ ವಿದ್ಯೆಯಾಗಲಿ, ದೂರನ್ನು ಕೇಳಿಸುವ ಅಂತಸ್ತಾಗಲಿ ಎಷ್ಟು ಜನಕ್ಕೆ ಇದ್ದೀತು?

ಪ್ರಯಾಣಿಕರ ಕಾಯಿದೆಗಳು ಬ್ರಿಟನ್ನಿನಲ್ಲಿ 1803ರಿಂದಲೇ ಇದ್ದವು. ಡಿ ವೀರನ ಪತ್ರದ ತರುವಾಯ ಅವು ಬಿಗಿಯಾದವು. 1855ರ ಕಾಯಿದೆಯ ಪ್ರಕಾರ, ಅಡುಗೆಯ ನೀರನ್ನು ಬಿಟ್ಟು, ತಲೆಯೊಂದಕ್ಕೆ ದಿನಕ್ಕೆ ಮೂರು ಕ್ವಾರ್ಟು. ಎಂದರೆ ಸುಮಾರು 3.4 ಲೀಟರು. ಮಕ್ಕಳಿಗೆ ಇದರ ಅರ್ಧ. ಈ ಮೂರು ಕ್ವಾರ್ಟನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಒಂದು ಲೆಕ್ಕ ಮಾಡುವುದಿದೆ.

ಐರಿಷ್ ಬಡವನಾದರೂ ಹೋಗುವ ಊರಿನ ಹೆಸರು ತಿಳಿದು ಹೊರಟವನು. ನಮ್ಮ ದೇಶದ ಕೂಲಿಗಳಿಗೆ ಎಷ್ಟೋ ವೇಳೆ ಅಷ್ಟೂ ತಿಳಿದಿರಲಿಲ್ಲ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರಲ್ಲಿ ಮಾರಿಷಸ್ಸಿಗೆ, 1838ರಲ್ಲಿ ಗಯಾನಕ್ಕೆ, ಆಮೇಲೆ ಟ್ರಿನಿಡಾಡ್, ನೇಟಾಲ್, ಫಿಜಿಗಳಿಗೆ ಕರಾರು ಕೂಲಿಗಳು ಹೊರಟರು. ಕಲ್ಕತ್ತೆಯಿಂದ ವೆಸ್ಟ್ ಇಂಡೀಸಿಗೆ ಹಾಯಿಹಡಗಿನಲ್ಲಿ ಸುಮಾರು ಮೂರು ತಿಂಗಳ ಹಾದಿ. ಹಡಗಿಗೆ ತುಂಬುತ್ತಿದ್ದುದು ಹೂಗ್ಲಿ ನದಿಯ ನೀರು. ಇಡೀ ಮಹಾನಗರದ ಕೊಳೆಯನ್ನು ಹೊತ್ತ ಹೂಗ್ಲಿಯನ್ನು ನಂಬಿಕೆಯುಳ್ಳವರು ಗಂಗೆಯೆಂದೇ ಭಾವಿಸಿದ್ದರು. ಗಂಗೆಯ ಮಾತಿಗೆ ನಾವು ಇನ್ನೊಮ್ಮೆ ಬರಲಿದ್ದೇವೆ. 1856-57ರ ಕಾಲದಲ್ಲಿ ಕಲ್ಕತ್ತೆಯಿಂದ ವೆಸ್ಟ್ ಇಂಡೀಸಿಗೆ ಹೋದ ಹಡಗುಗಳಲ್ಲಿ ನೂರಕ್ಕೆ ಸುಮಾರು ಹದಿನೇಳು ಮಂದಿ ದಾರಿಯಲ್ಲಿಯೇ ತೀರಿಕೊಂಡರು. ಸರ್ಕಾರ ಬೆಚ್ಚಿ, ಡಾಕ್ಟರ್ ಮೊವಾಟ್ ಎಂಬುವರಿಂದ ವಿಚಾರಣೆ ಮಾಡಿಸಿತು. ಕಾಲರಾ ನೀರಿನಿಂದ ಹರಡುತ್ತದೆಂದು ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲಿಯೇ ತೋರಿಸಿದ್ದರೂ ಹೆಚ್ಚಿನ ವೈದ್ಯರು ಇನ್ನೂ ಕೆಟ್ಟ ಗಾಳಿಯನ್ನೇ ದೂರುತ್ತಿದ್ದರು. ಕಾಲರಾದ ಕ್ರಿಮಿಯನ್ನು ರಾಬರ್ಟ್ ಕಾಕ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಗುರುತಿಸಿದುದು 1884ರಲ್ಲಿ. ಅಷ್ಟರೊಳಗೆ ಅರ್ಧ ಶತಮಾನದ ಹಡಗುಗಳು ದಾಟಿ ಹೋಗಿದ್ದವು. 1879ರಲ್ಲಿ ಫಿಜಿಗೆ ಮೊಟ್ಟಮೊದಲು ಕೂಲಿಗಳನ್ನು ಒಯ್ದ ಲಿಯೊನಿಡಾಸ್ ಹಡಗಿನಲ್ಲಿಯೂ ಕಾಲರಾ ತಲೆಯೆತ್ತಿತು.

ಜೀವಂತವಾಗಿ ಇಳಿದ ತಲೆಯೊಂದಕ್ಕೆ ಇಷ್ಟೆಂದು ಹಡಗಿನ ವೈದ್ಯನಿಗೆ ಸಂಭಾವನೆಯನ್ನು ಗೊತ್ತುಮಾಡಿದ್ದರು. ಲೆಕ್ಕಾಚಾರದ ಜಾತಿಗೆ ಸೇರಿದ ಕರುಣೆ ಇದು. ಆದರೂ ಇದರಿಂದ ಕೆಲವು ಪ್ರಾಣಗಳು ಉಳಿದಿರಬೇಕು. ಉದ್ದೇಶವನ್ನು ಹಳಿದು ಫಲವನ್ನು ಅಲ್ಲಗಳೆಯಲಾರೆ.

ಈ ಹಡಗುಗಳ ನೀರಿಗೆ ಇನ್ನೊಂದು ಮುಖವೂ ಇತ್ತು. ಕಾಲಾಪಾನಿ ದಾಟಿದವನು ಜಾತಿಗೆಟ್ಟನೆಂಬ ಭಾವನೆ ಆಗ ಬಲವಾಗಿತ್ತು. ಕನ್ನಡದಲ್ಲಿ ಕರಿನೀರು ಎಂದರೆ ನಮಗೆ ಅಂಡಮಾನಿನ ಶಿಕ್ಷೆ ನೆನಪಾಗುತ್ತದೆ. ಆದರೆ ಕರಿನೀರಿಗೆ ಅಂಜಿದವನಿಗೆ ಕಡಲ ನೀರಿಗಿಂತ ಹೆಚ್ಚಿನ ಭಯ ಪೀಪಾಯಿಯ ನೀರಿನದು. ಅದನ್ನು ಮುಟ್ಟಿದವರು ಯಾರೋ, ಎತ್ತಿ ಕೊಟ್ಟವರು ಯಾರೋ! ಊರಿನಲ್ಲಿ ಒಂದೇ ಬಾವಿಗೆ ಹೋಗಲಾರದ ಜನ ಇಲ್ಲಿ ಒಂದೇ ತೊಟ್ಟಿಯಿಂದ ನೂರು ದಿನ ಕುಡಿದರು. ಇಳಿದ ಮೇಲೆ ಒಬ್ಬರನ್ನೊಬ್ಬರು ಜಹಾಜಿ ಭಾಯಿ, ಜಹಾಜಿ ಬಹಿನ್ ಎಂದು ಕರೆದುಕೊಂಡರು. ಒಡಹುಟ್ಟಿದವರಂತೆ ಬಾಳಿದ ಅವರ ಬಂಧುತ್ವ ಟ್ರಿನಿಡಾಡ್, ಗಯಾನಗಳಲ್ಲಿ ತಲೆಮಾರುಗಳವರೆಗೆ ನಡೆಯಿತು. ನಮ್ಮ ಸುಧಾರಕರು ಗ್ರಂಥಗಳನ್ನು ಬರೆದು ಸಾಧಿಸಲು ಹೆಣಗಿದುದನ್ನು ಒಂದು ನಾರುವ ನೀರಿನ ತೊಟ್ಟಿ ಸಾಧಿಸಿತು. ಅದಕ್ಕೆ ತೆತ್ತ ಬೆಲೆಯನ್ನು ಮಾತ್ರ ಈಗಾಗಲೇ ಹೇಳಿದ್ದೇನೆ.

ಪರರು ತುಂಬಿದ ನೀರು ಬೇಡವೆನ್ನುವ ಶಕ್ತಿ ರಾಜರಿಗಿತ್ತು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗ್ ಲಂಡನ್ನಿಗೆ ಹೋಗಬೇಕಾಯಿತು. ಆಚಾರವಂತನಾದ ಅವನು ಒಲಿಂಪಿಯಾ ಎಂಬ ಹೊಸ ಹಡಗನ್ನೇ ತನಗಾಗಿ ಗೊತ್ತುಮಾಡಿಕೊಂಡು, ಬೆಳ್ಳಿಯ ಬೃಹತ್ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೊರಟನು. ಸುಮಾರು 14,000 ಬೆಳ್ಳಿಯ ನಾಣ್ಯಗಳನ್ನು ಕರಗಿಸಿ ಮಾಡಿದ, ಬೆಸುಗೆಯಿಲ್ಲದ ಹಂಡೆಗಳು ಅವು. ಆಳೆತ್ತರದ ಆ ಹಂಡೆ ಒಂದೊಂದರ ತೂಕ 345 ಕಿಲೋಗ್ರಾಂ. ಹಿಡಿಯುವ ನೀರು ಸುಮಾರು 4,000 ಲೀಟರು. ಜಯಪುರದ ಅರಮನೆಯಲ್ಲಿ ಅವನ್ನು ಈಗಲೂ ನೋಡಬಹುದು. ನೋಡಿದವರು ಬೆಳ್ಳಿಗೆ ಬೆರಗಾಗುತ್ತಾರೆ. ನನಗೆ ಬೆರಗಾಗುವುದು ನೀರಿನ ಲೆಕ್ಕದಲ್ಲಿ. ದಿನಕ್ಕೆ ಮೂರು ಕ್ವಾರ್ಟಿನಂತೆ ಒಂದು ಹಂಡೆಯ ನೀರು ಒಬ್ಬ ಮನುಷ್ಯನಿಗೆ ಮೂರು ವರ್ಷಕ್ಕೂ ಮೀರಿ ಸಾಕು.

ಅದೇ ಹಂಡೆ 376 ಜನಕ್ಕೆ ಮೂರೇ ದಿನ ಬರುತ್ತದೆ. ಈ 376 ನಾನು ಸುಮ್ಮನೆ ಆರಿಸಿಕೊಂಡ ಸಂಖ್ಯೆಯಲ್ಲ. ಮಹಾರಾಜನ ಯಾತ್ರೆಯಾದ ಹನ್ನೆರಡು ವರ್ಷಗಳಿಗೆ, 1914ರ ಮೇ 23ರಂದು, ಕೊಮಗಾಟ ಮಾರು ಎಂಬ ಜಪಾನೀ ಹಡಗು 376 ಮಂದಿ ಭಾರತೀಯರನ್ನು ಹೊತ್ತು ಕೆನಡದ ವ್ಯಾಂಕೂವರ್ ಬಂದರಿಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಹಡಗನ್ನು ಬಾಡಿಗೆಗೆ ಹಿಡಿದವರು ಗುರುದಿತ್ ಸಿಂಗ್. ಅವರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ, ಕೆನಡವೂ ಆ ಸಾಮ್ರಾಜ್ಯದ್ದೇ. ಆದರೂ ಕೆಲವೇ ಜನರ ಹೊರತು ಉಳಿದವರನ್ನು ದಡಕ್ಕೆ ಬಿಡಲಿಲ್ಲ. ಎರಡು ತಿಂಗಳು ಹಡಗು ಊರಿನ ಕಣ್ಣೆದುರಿಗೇ ಲಂಗರು ಹಾಕಿ ನಿಂತಿತು. ಅನ್ನ ನೀರು ಒದಗಿಸುವ ಹೊಣೆ ಹಡಗನ್ನು ಹಿಡಿದವರದೋ ಸರ್ಕಾರದ್ದೋ ಎಂಬ ವಾದ ನಡೆಯುತ್ತಿರಲು ಒಳಗೆ ನೀರು ಮುಗಿಯಿತು. ದಡದಲ್ಲಿ ಸಿಹಿನೀರಿಗೆ ಕೊರತೆಯಿಲ್ಲದ ಊರು. ನಡುವೆ ಕಾವಲು ದೋಣಿಗಳು. ಹಡಗಿನಲ್ಲಿ ಬತ್ತಿದ ಗಂಟಲುಗಳು. ನಡುಗಡಲಲ್ಲಿ ನೀರಿಲ್ಲದಿದ್ದರೆ ವಿಧಿಯನ್ನು ಹಳಿಯಬಹುದು, ಇಲ್ಲಿ ಹಳಿಯಬೇಕಾದುದು ಮನುಷ್ಯರನ್ನು. ಜುಲೈ 19ರಂದು ಹಡಗನ್ನು ವಶಪಡಿಸಿಕೊಳ್ಳಲು ಬಂದ ಪೊಲೀಸರನ್ನು ಪ್ರಯಾಣಿಕರು ಕಲ್ಲಿದ್ದಲ ಉಂಡೆಗಳಿಂದ ಹೊಡೆದು ಓಡಿಸಿದರು. ಆ ಮೇಲೆ ಯುದ್ಧನೌಕೆ ಬಂತು. ಜುಲೈ 23ರಂದು ಹಡಗು ಹಿಂದಿರುಗಿತು. ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಸಮೀಪದ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿ ಹಲವರು ಸತ್ತರು. ಕೆನಡದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದುದು 2016ರ ಮೇ 18ರಂದು.

ಹಬೆಯ ಹಡಗುಗಳು ಬಂದ ಮೇಲೆ ಉರುವಲಿನ ಪ್ರಶ್ನೆ ಬಗೆಹರಿಯಿತು. ಬಾಯ್ಲರಿಗೆ ಹೇಗೂ ಬೆಂಕಿ ಬೇಕು. ಅದರ ಆವಿಯಿಂದಲೇ ಸಿಹಿನೀರನ್ನು ಇಳಿಸಬಹುದು. ಭಟ್ಟಿಯ ನೀರು ಬಾಯಿಗೆ ಸಪ್ಪೆ. ಅದಕ್ಕೆ ಗಾಳಿ ಬೆರಸಿ ರುಚಿ ಕಟ್ಟುವ ಯಂತ್ರವನ್ನು ನಾರ್ಮಂಡಿ ಎಂಬ ರಸಾಯನ ಶಾಸ್ತ್ರಜ್ಞ 1850ರ ದಶಕದಲ್ಲಿ ಪ್ರಚಾರಕ್ಕೆ ತಂದನು. ಇಂದಿನ ವಿಹಾರ ನೌಕೆಗಳು, ಎಂದರೆ ಸಾವಿರಾರು ಜನರನ್ನು ಹೊತ್ತು ತಿರುಗುವ ತೇಲುವ ಪಟ್ಟಣಗಳು, ಅದೇ ದಾರಿಯಲ್ಲಿ ಬಹುದೂರ ಸಾಗಿವೆ. ಎಂಜಿನಿನಿಂದ ವ್ಯರ್ಥವಾಗಿ ಹೋಗುವ ಶಾಖವನ್ನು ಬಳಸಿ, ಗಾಳಿಯ ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ ಕಡಲ ನೀರನ್ನು ಕಡಿಮೆ ಕಾವಿನಲ್ಲಿಯೇ ಕುದಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ನೀರನ್ನು ಭಾರಿ ಒತ್ತಡದಿಂದ ತೆಳುಪೊರೆಯ ಮೂಲಕ ಹಾಯಿಸಿ ಉಪ್ಪನ್ನು ಹಿಂದೆ ಉಳಿಸುತ್ತಾರೆ. ಕೆಲಸಕ್ಕೆ ಬರುವಂಥ ಆ ಪೊರೆಯನ್ನು ಕ್ಯಾಲಿಫೋರ್ನಿಯದಲ್ಲಿ 1950ರ ದಶಕದ ಕೊನೆಗೆ ರೂಪಿಸಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ಭಾರತದಲ್ಲಿ ಹುಟ್ಟಿ ಬೆಳೆದ ಶ್ರೀನಿವಾಸ ಸೌರಿರಾಜನ್. ಹೀಗೆ ಬಂದ ನೀರಿಗೆ ಖನಿಜಗಳನ್ನು ಬೆರಸಿ, ಕ್ಲೋರಿನ್ ಹಾಕಿ ತೊಟ್ಟಿಗೆ ಬಿಡುತ್ತಾರೆ. ಅಮೆರಿಕದ ಆರೋಗ್ಯ ಇಲಾಖೆ 1970ರ ದಶಕದಿಂದ ತನ್ನ ಬಂದರುಗಳಿಗೆ ಬರುವ ಇಂಥ ಹಡಗುಗಳನ್ನು ತಪಾಸಣೆ ಮಾಡುತ್ತಿದೆ. ಕೊನೆಯ ನಲ್ಲಿಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕೆಂಬುದು ಅದರ ನಿಯಮ.

ನಮ್ಮ ನವಮಂಗಳೂರು ಬಂದರಿಗೂ ವಿಹಾರ ನೌಕೆಗಳು ಬಂದುಹೋಗುವುದುಂಟು. ಬಂದರುಗಳಲ್ಲಿ ನಿಂತಿರುವಾಗ ಕಡಲ ನೀರನ್ನು ಕುಡಿಯುವ ನೀರಾಗಿ ಮಾಡಬಾರದೆಂದು ಸುರಕ್ಷತೆಯ ನಿಯಮಗಳು ಹೇಳುತ್ತವೆ, ಏಕೆಂದರೆ ದಡದ ಬಳಿಯ ನೀರಿನಲ್ಲಿ ಊರುಗಳ ಕೊಳೆಯೂ ಹಡಗುಗಳ ಎಣ್ಣೆಯೂ ಬೆರೆತಿರುತ್ತದೆ. ಅಲ್ಲಿ ಊರಿನ ಕೊಳಾಯಿಯಿಂದ ತುಂಬಿಕೊಳ್ಳಬೇಕು, ಇಲ್ಲವೆ ನಡುಗಡಲಲ್ಲಿ ಮಾಡಿಟ್ಟದ್ದನ್ನು ಬಳಸಬೇಕು. ಒಂದು ಕಾಲದಲ್ಲಿ ದಡ ಕಂಡರೆ ಸಿಹಿನೀರು ಕಂಡಂತೆ ಹಿಗ್ಗುತ್ತಿದ್ದರು. ಈಗ ಒಳ್ಳೆಯ ನೀರಿಗೆ ದಡದಿಂದ ದೂರ ಹೋಗಬೇಕಾಗಿದೆ.

ಇಷ್ಟೆಲ್ಲ ಏರ್ಪಾಡಿದ್ದರೂ ಪ್ರಯಾಣಿಕ ನಲ್ಲಿಯನ್ನು ಸುಲಭವಾಗಿ ನಂಬುವುದಿಲ್ಲ. ತನ್ನ ಕಾಲ ಕೆಳಗಿನ ಕಡಲಿನಿಂದ ಬಂದುದೆಂದು ಕೇಳಿದರೆ ಮುಖ ಸಿಂಡರಿಸುತ್ತಾನೆ. ಅದನ್ನು ಬಲ್ಲವರು ಅವನ ಕೋಣೆಯ ಮೇಜಿನ ಮೇಲೆ ಮೊದಲೇ ಒಂದು ಸೀಸೆ ನೀರು ಇಟ್ಟಿರುತ್ತಾರೆ. ಎಲ್ಲಿಯೋ ಯಾರೋ ತುಂಬಿ ಮೊಹರು ಮಾಡಿದ ನೀರು. ಮೈಮೇಲೆ ಬೆಟ್ಟದ ಚಿತ್ರ, ಕೊರಳಿನಲ್ಲಿ ಬೆಲೆಯ ಚೀಟಿ.